ಸಹಾಯ ಮನೆಗಾ, ಮಾಲೀಕರಿಗಾ? (ಮನೆ ಕಥೆ, ಭಾಗ 4)

ಫ್ರೆಂಡ್ಸ್, ಒಂದು ಲೆಕ್ಕ ಹಾಕಿ. ಮನೆ ಕೊಳ್ಳೋಕೆ ನಗರಸಭೆ ನಿಮಗೆ ದುಡ್ಡು ಕೊಡುತ್ತೆ. ಹತ್ತು ವರ್ಷ ಆದ್ಮೇಲೆ ನೀವು ಅದನ್ನ ಮಾರುಕಟ್ಟೆ ಬೆಲೆಗೆ ಮಾರ್ತೀರಿ. ಲಾಭ ನಿಮ್ಮದು. ಆದರೆ ಮುಂದಿನ ಬಡ ಕುಟುಂಬಕ್ಕೆ ನಗರಸಭೆ ಮತ್ತೆ ದುಡ್ಡು ಹುಡುಕಬೇಕು.

ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರ 1984ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಆಗ ಮೇಯರ್ ಬರ್ನಿ ಸ್ಯಾಂಡರ್ಸ್. ನಗರದ 2 ಲಕ್ಷ ಡಾಲರ್‌ನಿಂದ ಒಂದು ಭೂ ಟ್ರಸ್ಟ್ ಶುರುವಾಯ್ತು. ಸಹಾಯ ಪಡೆದವರ ಪತ್ರದಲ್ಲೇ ಷರತ್ತು: ಮನೆ ನಿಮ್ಮದು, ನೆಲ ಟ್ರಸ್ಟಿನದು. ಮಾರುವಾಗ ಬೆಲೆ ಏರಿಕೆಯಲ್ಲಿ ನಿಮ್ಮ ಪಾಲು 25% ಮಾತ್ರ. ಅಂದ್ರೆ 40,000 ಡಾಲರ್ ಏರಿದ್ರೆ ನಿಮಗೆ 10,000. ಉಳಿದದ್ದು ಮನೆಯಲ್ಲೇ ಉಳಿಯುತ್ತೆ, ಮುಂದಿನವರಿಗೂ ಮನೆ ಕೈಗೆಟುಕುತ್ತೆ.

ಇದರ ಬೇರು ಎಲ್ಲಿದೆ ಗೊತ್ತಾ? ವಿನೋಬಾ ಭಾವೆಯವರ ಗ್ರಾಮದಾನದಲ್ಲಿ! ಅದರಿಂದ ಪ್ರೇರಣೆ ಪಡೆದೇ ಜಾರ್ಜಿಯಾದ ಕಪ್ಪು ಜನರ ಹಕ್ಕುಗಳ ಹೋರಾಟಗಾರರು 1969ರಲ್ಲಿ ಇಂಥ ಮೊದಲ ಟ್ರಸ್ಟ್ ಕಟ್ಟಿದ್ದು.

'75% ಬಿಟ್ಕೊಡೋದು ಅನ್ಯಾಯ ಅಲ್ವಾ' ಅಂತ ನನಗೂ ಮೊದಲು ಅನಿಸ್ತು. ಆದ್ರೆ ಆ ಸಹಾಯ ಇಲ್ಲದಿದ್ರೆ ಮನೆಯೇ ಇರ್ತಿರಲಿಲ್ಲ.

ನೀವಾಗಿದ್ರೆ ಸಹಿ ಹಾಕ್ತಿದ್ರಾ? ಕಾಮೆಂಟಲ್ಲಿ ಹೇಳಿ.