ಸಾರೋಟಿನ ದಾಯಾದಿಗಳು

ದಸರೆಯ ಸಮಯದಲ್ಲಿ ಮೈಸೂರಿನ ಪುರಭವನದ ಮುಂದೆ ಟಾಂಗಾಗಳು ಸಾಲಾಗಿ ನಿಲ್ಲುವುದುಂಟು. ಪಂಚೆ ಉಟ್ಟು ಪೇಟ ಸುತ್ತಿದ ಗಂಡಂದಿರು, ರೇಷ್ಮೆ ಸೀರೆಯ ಹೆಂಡಂದಿರು ಜೋಡಿ ಜೋಡಿಯಾಗಿ ಹತ್ತಿ ಕೂತರೆ ‘ಪಾರಂಪರಿಕ ಟಾಂಗಾ ಸವಾರಿ’ ಹೊರಡುತ್ತದೆ. ದಾರಿಯಲ್ಲಿ ಕಟ್ಟಡಕ್ಕೊಂದು ಇಸವಿ. ಪುರಭವನ, 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ನೆನಪಿನದು. ದೊಡ್ಡ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದದ್ದು. ಅರಮನೆ, ಹಳೆಯ ಮರದರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದದ್ದು. ಆದರೆ ಕುದುರೆಗಾಡಿಯ ಹೆಸರುಗಳಿಗೆ ಇಸವಿ ಹುಡುಕಹೊರಟರೆ ಈ ಕಟ್ಟಡಗಳೆಲ್ಲ ನಿನ್ನೆ ಮೊನ್ನೆಯವು.

ಅಂಥ ಹೆಸರುಗಳಿಗೆ ಕನ್ನಡದಲ್ಲಿ ಬರವಿಲ್ಲ: ರಥ, ಜಟಕಾ, ಟಾಂಗಾ, ಬಗ್ಗಿ, ಕೋಚು, ಸಾರೋಟು. ಚಕ್ರ ಎರಡೋ ನಾಲ್ಕೋ ಎಂಬುದು ಬಡಗಿಯ ಲೆಕ್ಕ. ಮಾತಾಡುವವರ ಲೆಕ್ಕ ಬೇರೆ. ಒಳಗೆ ಕೂತವರು ಯಾರು ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ದೇವರು ಕೂತರೆ ತೇರು, ರಥ. ಬಾಡಿಗೆ ಕೊಟ್ಟವರು ಕೂತರೆ ಜಟಕಾ, ಟಾಂಗಾ. ದೊರೆ ಕೂತರೆ ಸಾರೋಟು. ಒಂದು ದಿನದ ಮಟ್ಟಿಗೆ ದೊರೆಯಾಗುವ ಮದುಮಗ ಕೂತರೂ ಸಾರೋಟು. ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಮೆರವಣಿಗೆ ಹೊರಡುವುದೂ ಅದರಲ್ಲೇ. ಈ ಪದ ಕಿವಿಗೆ ಬಿದ್ದೊಡನೆ ಮೆರುಗೆಣ್ಣೆ ಹಚ್ಚಿದ ಮೈ, ಮೆತ್ತೆಯ ಪೀಠ, ಜೂಲು ಬಾಚಿದ ಕುದುರೆ ಕಣ್ಣಿಗೆ ಬರುತ್ತವೆ.

‘ಸಾರೋಟು’ ಕೇಳುವುದಕ್ಕೆ ಅಚ್ಚ ದೇಸಿ. ಸಾರಥಿಯ ನೆಂಟನಿರಬೇಕು ಅನ್ನಿಸುವುದೂ ಸಹಜ. ಆದರೆ ಸಾರಥಿ ಹುಟ್ಟಿದ್ದು ರಥದಿಂದ: ರಥದೊಡನೆ ಇರುವುದು ‘ಸರಥ’, ಅದರಿಂದ ‘ಸಾರಥಿ’. ಚಕ್ರ ಎಂಬರ್ಥದ ಲ್ಯಾಟಿನ್ನಿನ ‘ರೋಟ’ ಆ ರಥಕ್ಕೆ ದೂರದ ಒಡಹುಟ್ಟು. ಸಾರೋಟು ಈ ವಂಶದ್ದಲ್ಲ. ಅದು ಇಂಗ್ಲಿಷಿನ ‘ಚಾರಿಯಟ್’. ಶಾಲೆಯಲ್ಲಿ ನಾವು ಚಾರಿಯಟ್ ಎಂದರೆ ಕೃಷ್ಣಾರ್ಜುನರ ರಥ ಎಂದೇ ಕಲಿತವರು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ಇನ್ನೊಂದು ಬಳಕೆಯೂ ಇತ್ತು. ನಾಲ್ಕು ಚಕ್ರದ ಹಗುರವಾದ ಗಾಡಿ, ಒಳಗೆ ಹಿಂಬದಿಯ ಪೀಠ ಮಾತ್ರ, ಮುಂದೆ ಎತ್ತರದಲ್ಲಿ ಗಾಡಿ ಹೊಡೆಯುವವನ ಜಾಗ. ಸಿರಿವಂತರು ಓಡಾಡುತ್ತಿದ್ದ ಈ ಗಾಡಿಯೂ ಚಾರಿಯಟ್ಟೇ.

‘ಚಾ’ ಇದ್ದದ್ದು ‘ಸಾ’ ಆದದ್ದು ಹೇಗೆ? ಕನ್ನಡಕ್ಕೆ ಚಕಾರವೂ ಇದೆ, ಸಕಾರವೂ ಇದೆ. ನೇರವಾಗಿ ಇಂಗ್ಲಿಷರ ಬಾಯಿಂದ ಕೇಳಿದ್ದರೆ ಚಕಾರವನ್ನು ಬಿಡುವ ಕಾರಣವಿರಲಿಲ್ಲ. ತಮಿಳಿನಲ್ಲಿ ಎರಡಕ್ಕೂ ಒಂದೇ ಅಕ್ಷರ, ಪದದ ಮೊದಲಿಗೆ ಬಂದಾಗ ಅದು ಸಾಮಾನ್ಯವಾಗಿ ‘ಸ’ ಎಂದೇ ನುಡಿಯುತ್ತದೆ. ಅಲ್ಲಿ ಇದೇ ಗಾಡಿ ‘ಸಾರಟ್ಟು’. ಕಂಪನಿಯ ಸಾಹೇಬರು ಮದರಾಸಿನ ಕೋಟೆಯಲ್ಲಿ ನೆಲೆಯೂರಿದ್ದು ಮೈಸೂರಿಗೆ ಕಾಲಿಡುವುದಕ್ಕಿಂತ ಬಹಳ ಮೊದಲು. ಗಾಡಿಯೂ ಹೆಸರೂ ಆ ದಾರಿಯಿಂದಲೇ ಘಟ್ಟ ಹತ್ತಿರಬೇಕು ಎನ್ನುವುದಕ್ಕೆ ಈ ಸಕಾರವೇ ಸಾಕ್ಷಿ. ಬಂದ ಮೇಲೆ ಕೋಟು, ಬೂಟು, ನೋಟುಗಳ ಹಾಗೆ ಕೊನೆಗೊಂದು ಉಕಾರ ಸೇರಿತು. ನಡುವಿನ ‘ರೋ’ದಲ್ಲಿ ಕನ್ನಡದ ಕಿವಿಗೆ ‘ಓಟ’ ಕೇಳಿಸಿದ್ದರೂ ಆಶ್ಚರ್ಯವಿಲ್ಲ.

ಅದೇ ಚಾರಿಯಟ್ ಇನ್ನೊಂದು ದಾರಿಯಿಂದಲೂ ಕನ್ನಡಕ್ಕೆ ಬಂತು. ಬೈಬಲ್ಲಿನಲ್ಲಿ ಫರೋಹನ ಸೈನ್ಯ ಸಮುದ್ರದಲ್ಲಿ ಮುಳುಗುವ ಕಡೆ ಇಂಗ್ಲಿಷಿನಲ್ಲಿ ಇರುವುದು ಚಾರಿಯಟ್ಟುಗಳು. ಕನ್ನಡ ಬೈಬಲ್ಲಿನಲ್ಲಿ ಅವು ರಥಗಳು. ಹೀಗೆ ಒಂದೇ ಪದ ಗ್ರಂಥದೊಳಗೆ ರಥವಾಯಿತು, ಬೀದಿಯಲ್ಲಿ ಸಾರೋಟಾಯಿತು. ಹಳೆಯ ಕಾಲದ ಯುದ್ಧಕ್ಕೆ ರಥ ಸಲ್ಲುತ್ತದೆ. ಕಣ್ಣೆದುರಿನ ದೊರೆಗೆ, ಅವನು ಎಷ್ಟೇ ದೊಡ್ಡವನಾಗಲಿ, ದೇವರ ವಾಹನದ ಹೆಸರನ್ನು ಜನ ಬಿಟ್ಟುಕೊಡಲಿಲ್ಲ.

ಇಷ್ಟು ಬಿಗುಮಾನದ ಈ ಪದದ ಮೂಲ ಮಾತ್ರ ಸರಕಿನ ಬಂಡಿ. ಇಂಗ್ಲಿಷಿಗೆ ಚಾರಿಯಟ್ ಬಂದದ್ದು ಹಳೆಯ ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್ನಿನ ‘ಕರ್ರುಸ್’ನಿಂದ, ಲ್ಯಾಟಿನ್ನಿಗೆ ಇಂದಿನ ಫ್ರಾನ್ಸಿನ ನೆಲದಲ್ಲಿದ್ದ ಗಾಲ್ ಜನರ ಕೆಲ್ಟಿಕ್ ನುಡಿಯಿಂದ. ಕ್ರಿ.ಪೂ. 58ರಲ್ಲಿ ಗಾಲ್ ಕುಲಗಳಲ್ಲೊಂದಾದ ಹೆಲ್ವೆಟಿಯ ಜನ ಹೆಂಡತಿ ಮಕ್ಕಳು ದವಸ ಎಲ್ಲವನ್ನೂ ಗಾಡಿಗಳಿಗೆ ಹೇರಿಕೊಂಡು ಗುಳೆ ಹೊರಟಾಗ ಜೂಲಿಯಸ್ ಸೀಸರ್ ಅವರನ್ನು ತಡೆದ. ಸೋಲುವ ಹೊತ್ತಿನಲ್ಲಿ ಅವರು ಆ ಗಾಡಿಗಳನ್ನೇ ಅಡ್ಡಲಾಗಿ ನಿಲ್ಲಿಸಿ ಗೋಡೆ ಮಾಡಿಕೊಂಡು ಹೋರಾಡಿದರೆಂದು ಅವನೇ ಬರೆದಿದ್ದಾನೆ. ಆ ಗಾಡಿಗಳಿಗೆ ಅವನು ಬಳಸಿದ ಪದ ಕರ್ರುಸ್.

ರೋಮನ್ನರಿಗೆ ತಮ್ಮದೇ ಒಂದು ಘನವಾದ ಪದವಿತ್ತು: ‘ಕುರ್ರುಸ್’. ಗೆದ್ದ ಸೇನಾಪತಿ ನಗರ ಪ್ರವೇಶ ಮಾಡುತ್ತಿದ್ದುದು ಅದರಲ್ಲಿ. ಕುರ್ರುಸ್ ಮೆರವಣಿಗೆಗೆ, ಕರ್ರುಸ್ ಮೂಟೆಗೆ. ಸಾಮ್ರಾಜ್ಯ ಮುಗಿದಾಗ ವಿಜಯೋತ್ಸವಗಳೂ ಮುಗಿದವು, ಕುರ್ರುಸ್ ಗ್ರಂಥಗಳಲ್ಲಿ ಉಳಿಯಿತು. ಮೂಟೆ ಸಾಗಿಸುವ ಕೆಲಸ ಯಾವ ಸಾಮ್ರಾಜ್ಯ ಬಿದ್ದರೂ ನಿಲ್ಲುವುದಿಲ್ಲವಲ್ಲ. ಕರ್ರುಸ್ ಯುರೋಪಿನ ಊರೂರಿಗೆ ಹಬ್ಬಿತು. ಅದರ ಒಂದು ಕವಲು ಮೇಲೇರುತ್ತಾ ಸಿರಿವಂತರ ಚಾರಿಯಟ್ ಆಗಿ, ಕಡಲು ದಾಟಿ ಮೈಸೂರಿನ ಸಾರೋಟಾಯಿತು. ಫ್ರಾನ್ಸಿನಲ್ಲೇ ಉಳಿದ ಕವಲು ಅಷ್ಟು ಮೇಲೇರಲಿಲ್ಲ. ಇಂದಿನ ಪ್ಯಾರಿಸ್ಸಿನಲ್ಲಿ ಇದೇ ಪದಕ್ಕೆ ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿ ತುಂಬಿ ತಳ್ಳುವ ಗಾಡಿ ಎಂಬ ಅರ್ಥವೂ ಇದೆ.

ಇನ್ನು ದಾಯಾದಿಗಳು. ಕರ್ರುಸ್‌ನ ನೇರ ವಾರಸುದಾರ ‘ಕಾರು’. ಸಾರೋಟನ್ನು ಬೀದಿಯಿಂದ ಒಕ್ಕಲೆಬ್ಬಿಸಿದ್ದು ಅದೇ. ಆಸ್ತಿಗಾಗಿ ದಾಯಾದಿ ಮಾಡುವ ಕೆಲಸವನ್ನೇ ಅದೂ ಮಾಡಿತು. ಬಂಡಿಯಲ್ಲಿ ಸಾಗಿಸುವುದು ‘ಕ್ಯಾರಿ’. ಅದರಿಂದ ಸೈಕಲ್ಲಿನ ಹಿಂದಿನ ಕ್ಯಾರಿಯರ್, ಊಟದ ಟಿಫಿನ್ ಕ್ಯಾರಿಯರ್. ಬಂಡಿ ಓಡುವ ರಸ್ತೆಯಿಂದ ಬಂದದ್ದು ಮಕ್ಕಳ ಭವಿಷ್ಯದ ಬಗ್ಗೆ ಅಪ್ಪ ಅಮ್ಮಂದಿರು ಆತಂಕದಿಂದ ಹೇಳುವ ‘ಕೆರಿಯರ್’. ಹಡಗಿಗೆ ಹೇರುವ ಕಾರ್ಗೊ ಸ್ಪ್ಯಾನಿಷ್ ಮನೆತನದ ತಮ್ಮ. ಸಾರೋಟು ಹಬ್ಬಕ್ಕೊಮ್ಮೆ ಮುಖ ತೋರಿಸಿದರೆ ಈ ಬಡ ದಾಯಾದಿಗಳು ದಿನ ಬೆಳಗಾದರೆ ನಮ್ಮ ಬಾಯಲ್ಲಿರುತ್ತಾರೆ.

ದಾಯಾದಿಗಳಿದ್ದಂತೆ ಬೀಗರೂ ಉಂಟು. ‘ಕೋಚು’ ಕರ್ರುಸ್ ವಂಶದ್ದಲ್ಲ, ಹಂಗೇರಿಯ ಕೋಚ್ ಎಂಬ ಹಳ್ಳಿಯದು. ವಿಯೆನ್ನಾ ಮತ್ತು ಬುಡಾಪೆಸ್ಟ್ ನಡುವಿನ ಆ ಊರಿನಲ್ಲಿ 15ನೆಯ ಶತಮಾನದಲ್ಲಿ ಹೆಸರುವಾಸಿಯಾದ ಗಾಡಿಗಳು ತಯಾರಾಗುತ್ತಿದ್ದವು. ಊರಿನ ಹೆಸರೇ ಗಾಡಿಗೆ ಅಂಟಿ ಯುರೋಪನ್ನೆಲ್ಲ ಸುತ್ತಿ, ನಮ್ಮಲ್ಲಿ ರೈಲಿನ ಕೋಚ್ ಆಯಿತು. 19ನೆಯ ಶತಮಾನದ ಇಂಗ್ಲಿಷ್ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟರನ್ನು ತಮಾಷೆಗೆ ‘ಕೋಚ್’ ಎಂದರು. ಬೆಂಗಳೂರಿನ ಗೋಡೆಗೋಡೆಯ ಮೇಲಿರುವ ಕೋಚಿಂಗ್ ಸೆಂಟರುಗಳ ಮೂಲಪುರುಷ ಆ ಕುದುರೆಗಾಡಿಯೇ.

ಕುದುರೆ ಎಂಬ ಪದ ನಮ್ಮದು. ಅದರ ಮೈಮೇಲಿನದೆಲ್ಲ ಪಾರ್ಸಿ: ಲಗಾಮು, ಜೀನು, ಚಾಬೂಕು. ಜಂಬೂಸವಾರಿಯ ಸವಾರಿಯೂ ಅಲ್ಲಿಂದಲೇ ಬಂದದ್ದು. ಇವು ದಖನಿಯ ಸಿಪಾಯಿಗಳ, ಲಾಯದವರ ಬಾಯಿಂದ ಕನ್ನಡಕ್ಕೆ ಇಳಿದವು. ಜಟಕಾ ಕೂಡ ಆ ಬೀದಿಯದೇ. ಯೂಲ್ ಮತ್ತು ಬರ್ನೆಲ್ ರಚಿಸಿದ, 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದನ್ನು ದಖನಿಯ ‘ಝಟ್ಕಾ’ದಿಂದ, ಅಂದರೆ ಬೇಗ ಎಂಬರ್ಥದಿಂದ ಹುಟ್ಟಿಸುತ್ತದೆ. ಎರಡು ಚಕ್ರದ ಮೇಲೊಂದು ಪೆಟ್ಟಿಗೆ, ಹಿಂದಿನಿಂದ ಹತ್ತುವ ಬಾಗಿಲು, ಎಳೆಯಲು ಒಂದು ಬಡಕಲು ತಟ್ಟು ಎಂಬ ಅದರ ವರ್ಣನೆಯಲ್ಲಿ ಮೆಚ್ಚುಗೆ ಕಾಣದು. ಹಿಂದಿಯಲ್ಲಿ ಝಟಕಾ ಎಂದರೆ ಕುಲುಕಾಟವೂ ಹೌದು. ಹಳ್ಳದಿಣ್ಣೆಯ ರಸ್ತೆಯಲ್ಲಿ ಕೂತವರಿಗೆ ಯಾವ ಅರ್ಥ ಹೆಚ್ಚು ಒಪ್ಪುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಟಾಂಗಾ ಉತ್ತರದ್ದು, ಸಿಮ್ಲಾದಂಥ ಗಿರಿಧಾಮಗಳ ರಸ್ತೆಯಲ್ಲಿ ಹೆಸರು ಮಾಡಿದ್ದು. 1903ರಲ್ಲಿ ಕಾಲ್ಕಾದಿಂದ ಸಿಮ್ಲಾಕ್ಕೆ ರೈಲು ಬಂದು ಅಲ್ಲಿ ಅದರ ಹೊಟ್ಟೆಪಾಡಿಗೆ ಕುತ್ತಾಯಿತು.

ಇವೆರಡರಲ್ಲಿ ಕೂತವರಿಗೆ ಬಡಗಿಯ ಲೆಕ್ಕವೂ ತಿಳಿದಿರುತ್ತದೆ. ಎರಡು ಚಕ್ರದ ಗಾಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಬೀಳುತ್ತದೆ. ಅದಕ್ಕೇ ಗಾಡಿಯವನು “ಸ್ವಲ್ಪ ಮುಂದೆ ಬನ್ನಿ ಸ್ವಾಮಿ” ಎಂದು ಕೂತವರನ್ನು ಸರಿಸುತ್ತಲೇ ಇರುತ್ತಾನೆ. ನಾಲ್ಕು ಚಕ್ರದ ಸಾರೋಟಿನಲ್ಲಿ ಈ ಗೋಜಿಲ್ಲ. ಕೂತವನನ್ನು ಸರಿದು ಕೂರು ಎನ್ನಬೇಕಾಗಿಲ್ಲದ ಗಾಡಿ ಅದು. ದೊರೆಗಳಿಗೆ ಅದು ಒಗ್ಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಡಿ.ವಿ. ಗುಂಡಪ್ಪನವರು 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಬಾಳಿಗೆ ಗಾಡಿಯ ಹೋಲಿಕೆ ಬೇಕಾದಾಗ ಆರಿಸಿದ್ದು ರಥವನ್ನಲ್ಲ, ಸಾರೋಟನ್ನೂ ಅಲ್ಲ, ಜಟಕಾವನ್ನು. ಶರೀರವೇ ರಥ ಎಂಬ ಕಠೋಪನಿಷತ್ತಿನ ರೂಪಕ ಅವರಿಗೆ ಗೊತ್ತಿಲ್ಲದ್ದೇನಲ್ಲ. ಉಪನಿಷತ್ತಿನ ರಥದಲ್ಲಿ ಆತ್ಮನೇ ಒಡೆಯ, ಬುದ್ಧಿಯೇ ಸಾರಥಿ. ಕಗ್ಗದ ಜಟಕಾದಲ್ಲಿ ವಿಧಿ ಗಾಡಿ ಹೊಡೆಯುವ ‘ಸಾಹೇಬ’. ನಾವು ಒಡೆಯರೂ ಅಲ್ಲ, ಪ್ರಯಾಣಿಕರೂ ಅಲ್ಲ, ಗಾಡಿಗೆ ಕಟ್ಟಿದ ಕುದುರೆಗಳು. ಆ ‘ಸಾಹೇಬ’ ಎಂಬ ಒಂದು ಪದದಲ್ಲಿ ಜಟಕಾ ಹೊಡೆದು ಬದುಕಿದ ಮುಸ್ಲಿಂ ಸಂಸಾರಗಳ ಮೈಸೂರು ಸೀಮೆಯೇ ಇದೆ. ಆಟೋರಿಕ್ಷಾ ಬಂದು ಜಟಕಾದ ಬಾಡಿಗೆ ಕಸಿದ ಮೇಲೂ ಜಟಕಾ ಹತ್ತದ ತಲೆಮಾರಿನ ಬಾಯಲ್ಲಿ ಆ ಪದ ಉಳಿದಿದ್ದರೆ ಅದಕ್ಕೆ ಕಗ್ಗದ ಋಣ ದೊಡ್ಡದು.

ಸಾರೋಟಿಗೆ ಅಂಥ ಕವಿ ಬೇಕಾಗಲಿಲ್ಲ, ಮೆರವಣಿಗೆಗಳೇ ಸಾಕಾದವು. 2024ರ ಗಣರಾಜ್ಯೋತ್ಸವಕ್ಕೆ ರಾಷ್ಟ್ರಪತಿಗಳು ನಲವತ್ತು ವರ್ಷಗಳ ನಂತರ ಮತ್ತೆ ಕುದುರೆಗಾಡಿಯಲ್ಲಿ ಬಂದರು. ದೆಹಲಿಯವರು ಅದನ್ನು ಬಗ್ಗಿ ಎನ್ನುತ್ತಾರೆ. ಕನ್ನಡದಲ್ಲಿ ಅದು ಸಾರೋಟು, ಒಳಗೆ ಕೂತವರು ರಾಷ್ಟ್ರದ ಮುಖ್ಯಸ್ಥರಲ್ಲವೇ.

ಬಾಡಿಗೆಯ ಕುದುರೆಗಾಡಿಗಳ ಕಾಲ ಎಲ್ಲ ಊರಲ್ಲೂ ಮುಗಿಯುತ್ತಿದೆ, ಕುದುರೆಯ ಪಾಡು ನೋಡಿದರೆ ಅದು ಅನ್ಯಾಯವೂ ಅಲ್ಲ. ಮುಂಬಯಿಯ ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ, ರಾಣಿಯ ಹೆಸರಿನ ‘ವಿಕ್ಟೋರಿಯಾ’ಗಳು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟು 2015ರಲ್ಲಿ ಹೇಳಿತು. 2021ರಲ್ಲಿ ಅದೇ ಆಕಾರದ, ಕುದುರೆಯಿಲ್ಲದ, ಬ್ಯಾಟರಿಯ ವಿಕ್ಟೋರಿಯಾಗಳು ಅಲ್ಲಿ ಓಡತೊಡಗಿದವು. ಇವಕ್ಕೆ ಹುಲ್ಲು ಹುರುಳಿ ಬೇಡ, ಚಾರ್ಜ್ ಮಾಡಿದರೆ ಸಾಕು. ಈ ‘ಚಾರ್ಜ್’ ಕೂಡ ಹಳೆಯ ಫ್ರೆಂಚಿನ ಮೂಲಕ ಬಂದ ಕರ್ರುಸ್‌ನ ಮರಿಮಗಳೇ. ಅದರ ಮೊದಲ ಅರ್ಥ, ಬಂಡಿಗೆ ಹೇರು ತುಂಬುವುದು.