ದೇವದಾಸಿ ಪದ್ಧತಿ ವಿರೋಧಿ ಚಳವಳಿ, ಸವದತ್ತಿ ಸೀಮೆ

ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಯಲ್ಲಮ್ಮನ ಗುಡ್ಡದಲ್ಲಿ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ರೂಢಿಯ ವಿರುದ್ಧ ನಡೆದ ಸುಧಾರಣಾ ಚಳವಳಿ. ಹರಕೆ, ಬಡತನ, ಗಂಡುಮಗನಿಲ್ಲದ ಕೊರಗು ಮುಂತಾದ ಕಾರಣಗಳಿಗೆ ಬಹುತೇಕ ದಲಿತ ಕುಟುಂಬಗಳ ಬಾಲಕಿಯರಿಗೆ, ಎಷ್ಟೋ ಸಲ ಮೈನೆರೆಯುವ ಮೊದಲೇ, ಕೆಂಪು-ಬಿಳಿ ಮಣಿಗಳ ಮುತ್ತು ಕಟ್ಟಲಾಗುತ್ತಿತ್ತು. ಆಮೇಲೆ ಅವರಿಗೆ ಮದುವೆಯ ಹಕ್ಕಿರಲಿಲ್ಲ. ಮನೆ ನಡೆಸುವ ಹೊಣೆ ಮಾತ್ರ ಹೆಗಲಿಗೆ. ಮಕ್ಕಳ ಶೋಷಣೆಯೂ ಸ್ತ್ರೀ ಶೋಷಣೆಯೂ ಇಲ್ಲಿ ಬೇರೆಬೇರೆಯಾಗಿರಲಿಲ್ಲ.

ಮುಂಬಯಿ ಪ್ರಾಂತ್ಯದ 1934ರ ದೇವದಾಸಿ ರಕ್ಷಣಾ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿ, ದೇವದಾಸಿಯರ ಮದುವೆಗೆ ಮಾನ್ಯತೆ ನೀಡಿತು. ಈ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಆ ಪ್ರಾಂತ್ಯದೊಳಗಿದ್ದುದರಿಂದ ಕಾಯ್ದೆಯ ವ್ಯಾಪ್ತಿಗೆ ಬಂದವು. ನೆರೆಯ ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿ ಪ್ರಾಂತ್ಯದ ಹೊರಗಿತ್ತು. ಕರ್ನಾಟಕದ 1982ರ ನಿಷೇಧ ಕಾಯ್ದೆ ಸಾಮಾನ್ಯ ಅಪರಾಧಿಗೆ ಮೂರು ವರ್ಷದವರೆಗೆ, ತಂದೆತಾಯಿ ಅಥವಾ ಬಂಧುಗಳೇ ತಪ್ಪಿತಸ್ಥರಾದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸಿತು. ಹೆತ್ತವರ ವಿರುದ್ಧ ದೂರು ಕೊಡುವವರು ಯಾರು ಎಂಬಲ್ಲೇ ಕಾನೂನು ಸೋತದ್ದು ಹೆಚ್ಚು.

ಈ ಕೊರತೆಯನ್ನು ಒಂದಷ್ಟು ತುಂಬಿದವರು ಮಾಜಿ ದೇವದಾಸಿಯರೇ. ಅವರು 1997ರಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ (ಮಾಸ್) ಸ್ವಸಹಾಯ ಸಂಘ, ಮಕ್ಕಳ ಶಿಕ್ಷಣ ಮತ್ತು ಜಾಗೃತಿ ಕೆಲಸಗಳನ್ನು ಕೈಗೊಂಡಿತು. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.