ಸಾಕೆ ಅಕ್ಕಿಯ ವೈನ್ ಅಲ್ಲ: ಜೋಳದ ಸೀಮೆಯವರಿಗೆ ಜಪಾನಿ ಮದ್ಯದ ರುಚಿ ಪರಿಚಯ

ಜಪಾನಿನ ಸಾಕೆಯನ್ನು "ಅಕ್ಕಿಯ ವೈನ್" ಎಂದು ಕರೆಯುವುದು ರೂಢಿ. ಕೆಲವರು ಅದನ್ನು ವೋಡ್ಕಾದಂತೆ ಭಟ್ಟಿ ಇಳಿಸಿದ ಮದ್ಯ ಎಂದುಕೊಂಡಿದ್ದಾರೆ. ಇನ್ನು ಕೆಲವರಿಗೆ, ಅಕ್ಕಿಯಿಂದ ಮಾಡಿದ್ದಲ್ಲವೇ, ಗಂಜಿ-ಅಂಬಲಿಯಷ್ಟೇ ಸೌಮ್ಯ ಎಂಬ ನಂಬಿಕೆ. ಮೂರೂ ತಪ್ಪು, ಮೂರನೆಯದು ಅಪಾಯಕಾರಿ ಕೂಡ. ರೋಣ, ನರಗುಂದ, ಗಜೇಂದ್ರಗಡದ ಎರೆಮಣ್ಣಿನ ಊರುಗಳಿಂದ ಓದಲು, ದುಡಿಯಲು ಬೆಂಗಳೂರಿಗೋ ವಿದೇಶಕ್ಕೋ ಹೋದವರ ಮುಂದೆ ಕಂಪನಿಯ ಊಟದಲ್ಲಿ ಈ ಪುಟ್ಟ ಬಟ್ಟಲು ಬಂದು ಕೂರಬಹುದು. ಕುಡಿಯುವುದು ಬಿಡುವುದು ಅವರವರ ತೀರ್ಮಾನ. ಬಟ್ಟಲಲ್ಲಿ ಇರುವುದೇನು ಎಂದು ತಿಳಿಯಲು ಬೇಕಾದ ಉದಾಹರಣೆಗಳು ಮಾತ್ರ ನಮ್ಮ ಅಡುಗೆಮನೆಯಲ್ಲೇ ಇವೆ.

ಮೊದಲು ಹೆಸರು. ಜಪಾನಿ ಭಾಷೆಯಲ್ಲಿ ಸಾಕೆ ಎಂದರೆ ಯಾವುದೇ ಮದ್ಯ. ನಾವು ಮಾತಾಡುತ್ತಿರುವುದಕ್ಕೆ ಅಲ್ಲಿ ನಿಹೊನ್‌ಶು ಎನ್ನುತ್ತಾರೆ. ಕನ್ನಡದ ಕಿವಿಗೆ ಬಾಟಲಿಯೇ "ಸಾಕೆ?" ಎಂದು ಕೇಳಿದಂತೆ ಇರುವುದು ಕಾಕತಾಳೀಯ, ಆದರೆ ಕೇಳಬೇಕಾದ ಪ್ರಶ್ನೆಯೇ.

ರೊಟ್ಟಿ ಅಗಿದು ನೋಡಿ

ಜೋಳದ ರೊಟ್ಟಿಯ ತುಂಡೊಂದನ್ನು ಪಲ್ಯವಿಲ್ಲದೆ ಬಾಯಿಗೆ ಹಾಕಿಕೊಂಡು ಎರಡು ನಿಮಿಷ ಅಗಿಯಿರಿ. ನಿಧಾನಕ್ಕೆ ಸಣ್ಣ ಸಿಹಿ ಹತ್ತುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಯೀಸ್ಟ್‌ಗೆ ಪಿಷ್ಟ ದಕ್ಕದು, ಸಕ್ಕರೆ ಬೇಕು. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುವುದರಿಂದ ವೈನ್ ಮಾಡುವವರಿಗೆ ಈ ತಾಪತ್ರಯವಿಲ್ಲ. ಬಿಯರ್ ಮಾಡುವವರು ಬಾರ್ಲಿಗೆ ಮೊಳಕೆ ಬರಿಸಿ, ಮೊಳಕೆಯ ಕಿಣ್ವದಿಂದ ಸಕ್ಕರೆ ಪಡೆದು, ಆಮೇಲೆ ಯೀಸ್ಟ್ ಹಾಕುತ್ತಾರೆ.

ಸಾಕೆಯಲ್ಲಿ ಈ ಕೆಲಸ ಮಾಡುವುದು ಒಂದು ಬೂಷ್ಟು. ಹೆಸರು ಆಸ್ಪರ್ಜಿಲಸ್ ಒರೈಜೆ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಅದನ್ನು ಬೆಳೆಸಿದರೆ ಸಿಗುವುದು ಕೋಜಿ. ಕೋಜಿ, ಅನ್ನ, ನೀರು, ಯೀಸ್ಟ್ ಎಲ್ಲ ಒಂದೇ ತೊಟ್ಟಿಯಲ್ಲಿ. ಒಂದು ಕಡೆ ಸಕ್ಕರೆ ಹುಟ್ಟುತ್ತಿರುತ್ತದೆ, ಇನ್ನೊಂದು ಕಡೆ ಅದೇ ಹೊತ್ತಿಗೆ ಆಲ್ಕೋಹಾಲ್ ಆಗುತ್ತಿರುತ್ತದೆ. ಸಕ್ಕರೆ ಒಮ್ಮೆಗೇ ಹೆಚ್ಚಾಗದ ಕಾರಣ ಯೀಸ್ಟ್ ದಣಿಯದೆ ಶೇ. 20ರ ಹತ್ತಿರ ಆಲ್ಕೋಹಾಲ್ ತಯಾರಿಸಬಲ್ಲದು. ಭಟ್ಟಿ ಇಳಿಸದೆ ಇಷ್ಟು ತೀಕ್ಷ್ಣತೆ ಬರುವುದು ಅಪರೂಪ. ಸಾಮಾನ್ಯವಾಗಿ ನೀರು ಬೆರೆಸಿ ಶೇ. 15-16ಕ್ಕೆ ಇಳಿಸಿ ಬಾಟಲಿಗೆ ತುಂಬುತ್ತಾರೆ. ಹಾಗಾಗಿ ಸಾಕೆ ವೈನ್‌ಗಿಂತ ಬಿಯರ್‌ಗೆ ಹತ್ತಿರದ ಸಂಬಂಧಿ, ನಿಜ ಹೇಳಬೇಕೆಂದರೆ ತಾನೇ ಒಂದು ಜಾತಿ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಕೋಜಿಯಿಂದ ಮದ್ಯ ತಯಾರಿಸುವ ಜಪಾನಿನ ಕೌಶಲವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಬಲಿ? ರಾತ್ರಿ ನೀರಲ್ಲಿ ಕಲಸಿಟ್ಟ ಜೋಳದ ಹಿಟ್ಟು ಬೆಳಗ್ಗೆ ಹುಳಿಯಾಗುವುದು ಮುಖ್ಯವಾಗಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ. ಅಲ್ಲಿ ಹುಟ್ಟುವುದು ಮಜ್ಜಿಗೆಯ ಆಮ್ಲ, ಮತ್ತೇರಿಸುವಷ್ಟು ಆಲ್ಕೋಹಾಲ್ ಅಲ್ಲ. ಮೇಲಾಗಿ ನಾವು ಅದನ್ನು ಕುದಿಸಿ ಕುಡಿಯುತ್ತೇವೆ. ಎರಡೂ ಧಾನ್ಯ ಹುಳಿಸಿದ್ದು ಎಂಬಷ್ಟಕ್ಕೆ ಹೋಲಿಕೆ ಮುಗಿಯಿತು.

ಇಲ್ಲೊಂದು ಎಚ್ಚರಿಕೆ. ಅನ್ನಕ್ಕೆ ಬೂಷ್ಟು ಹಿಡಿದರೆ ಕೋಜಿ ಆಗುವುದಿಲ್ಲ. ರೋಣದ ಕಡೆಯ ಶೇಂಗಾ ಬೆಳೆಗಾರರಿಗೆ ಕೋಜಿಯ ಒಬ್ಬ ದಾಯಾದಿ ಪರಿಚಿತ: ಸರಿಯಾಗಿ ಒಣಗದ ಶೇಂಗಾದ ಮೇಲೆ ಬರುವ ಹಳದಿ-ಹಸಿರು ಬೂಷ್ಟು, ಆಸ್ಪರ್ಜಿಲಸ್ ಫ್ಲೇವಸ್. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಈ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ, ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದೂ ಇಲ್ಲ. ಕೋಜಿಯ ಬೂಷ್ಟು ಶತಮಾನಗಳಿಂದ ಸಾಕಿ ಪಳಗಿಸಿದ, ಈ ವಿಷ ಮಾಡದ ತಳಿ. ಬರಿಗಣ್ಣಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟ. ವಿಡಿಯೊ ನೋಡಿ ಮನೆಯಲ್ಲಿ ಸಾಕೆ ಮಾಡಲು ಹೊರಡಬೇಡಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕದ ಅಬಕಾರಿ ಕಾಯ್ದೆಯಡಿ ಅಪರಾಧ ಕೂಡ.

ಚೀಟಿಯ ಮೇಲಿನ ಹೆಸರುಗಳು

ಬಾಟಲಿಯ ಚೀಟಿಯಲ್ಲಿ ಎರಡು ಸಂಗತಿ ನೋಡಿದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಒಂದು, ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡಿದ್ದಾರೆ. ಕಾಳಿನ ಹೊರಪದರದಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹೆಚ್ಚು, ನಡುವಿನಲ್ಲಿ ಪಿಷ್ಟ ಹೆಚ್ಚು. ಉಜ್ಜಿದ ಮೇಲೆ ಕಾಳಿನ ಶೇ. 60 ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಗಿಂಜೊ, ಶೇ. 50 ಅಥವಾ ಕಡಿಮೆ ಉಳಿದರೆ ದಾಯ್‌ಗಿಂಜೊ. ಅರ್ಧ ಅಕ್ಕಿ ತೌಡಾಗಿ ಹೋಗುತ್ತದೆ ಎಂದರೆ ಬೆಲೆ ಏಕೆ ಏರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎರಡು, ಹೊರಗಿನ ಆಲ್ಕೋಹಾಲ್ ಸೇರಿಸಿದ್ದಾರೋ ಇಲ್ಲವೋ. ಸೇರಿಸದಿದ್ದರೆ ಜುನ್‌ಮಾಯ್. ಶೇ. 70 ಅಥವಾ ಕಡಿಮೆ ಉಳಿಸಿದ ಅಕ್ಕಿಯಿಂದ ಮಾಡಿ, ಸ್ವಲ್ಪ ಆಲ್ಕೋಹಾಲ್ ಸೇರಿಸಿದ್ದು ಹೊಂಜೊಜೊ. ಇದು ಕಲಬೆರಕೆ ಅಲ್ಲ. ಪ್ರಮಾಣ ಅಕ್ಕಿಯ ತೂಕದ ಶೇ. 10 ಮೀರಬಾರದು ಎಂಬ ನಿಯಮವಿದೆ, ಪರಿಮಳವನ್ನು ಹೊರತೆಗೆಯಲು ಅದು ನೆರವಾಗುತ್ತದೆ. ಜುನ್‌ಮಾಯ್ "ಶುದ್ಧ", ಆದ್ದರಿಂದ ತಲೆನೋವು ಬರುವುದಿಲ್ಲ ಎನ್ನುವುದು ಮಾರಾಟಗಾರರ ಮಾತು. ಮರುದಿನದ ತಲೆನೋವು ಮುಖ್ಯವಾಗಿ ಎಷ್ಟು ಆಲ್ಕೋಹಾಲ್ ಒಳಹೋಯಿತು ಎಂಬುದರ ಲೆಕ್ಕ.

ಹೆಚ್ಚು ಉಜ್ಜಿದಷ್ಟೂ ಉತ್ತಮ ಎಂಬುದೂ ಅಷ್ಟೇ ಅರ್ಧಸತ್ಯ. ಉಜ್ಜಿದಷ್ಟೂ ಬೇರೆ, ಅಷ್ಟೇ. ಗಿಂಜೊದಲ್ಲಿ ಮಾಗಿದ ಬಾಳೆಹಣ್ಣು, ಸೇಬು, ಅನಾನಸಿನ ವಾಸನೆ. ಹಣ್ಣು ಹಾಕಿಲ್ಲ, ತಂಪಿನಲ್ಲಿ ನಿಧಾನ ಹುದುಗುವಾಗ ಯೀಸ್ಟ್ ಮಾಡುವ ಎಸ್ಟರ್‌ಗಳ ಕೆಲಸ ಅದು. ಬಾಳೆಹಣ್ಣಿನ ಘಮಕ್ಕೆ ಕಾರಣವಾದ ಐಸೊಅಮೈಲ್ ಅಸಿಟೇಟ್ ಇಲ್ಲೂ ಇದೆ. ಕಡಿಮೆ ಉಜ್ಜಿದ ಜುನ್‌ಮಾಯ್‌ನಲ್ಲಿ ಆಗಷ್ಟೇ ಬಸಿದ ಅನ್ನದ, ಗಂಜಿಯ ವಾಸನೆ, ನಾಲಿಗೆ ತುಂಬುವ ಉಮಾಮಿ. ಉಮಾಮಿ ಎಂದರೆ 1908ರಲ್ಲಿ ಕಿಕುನಾಯೆ ಇಕೆದಾ ಗುರುತಿಸಿದ ಗ್ಲುಟಮೇಟ್ ರುಚಿ. ಚೆನ್ನಾಗಿ ಹಣ್ಣಾದ ಟೊಮೆಟೊ ಗೊಜ್ಜಿನಲ್ಲಿ ನಮಗೆ ಸಿಗುವುದು ಅದೇ. ಕಿಮೊತೊ, ಯಮಾಹಾಯ್ ಎಂಬ ಹಳೆಯ ಬಗೆಗಳಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಾನಾಗಿ ಬೆಳೆಯಲು ಬಿಡುತ್ತಾರೆ. ಅಂಬಲಿ, ಕಡೆದ ಮಜ್ಜಿಗೆ ಗೊತ್ತಿರುವ ನಾಲಿಗೆಗೆ ಈ ಹುಳಿ ಹೊಸದಲ್ಲ, ಮೊದಲ ಬಾರಿಗೆ ರುಚಿ ನೋಡುವ ನಮ್ಮವರಿಗೆ ದುಬಾರಿ ದಾಯ್‌ಗಿಂಜೊಗಿಂತ ಇದೇ ಹತ್ತಿರವಾದೀತು ಎಂದು ನನ್ನ ಎಣಿಕೆ. ಗಂಜಿಯಂತೆ ಮಬ್ಬಾಗಿರುವುದು ನಿಗೊರಿ. ವರ್ಷಗಟ್ಟಲೆ ಇಟ್ಟು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ್ದು ಕೋಶು.

ರುಚಿ ನೋಡುವ ಬಗೆ

ಜಪಾನಿನ ಪರಿಣತರು ಬಳಸುವ ಬಿಳಿ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಉಂಗುರಗಳಿರುತ್ತವೆ. ಬಿಳಿಯ ಮೇಲೆ ಬಣ್ಣ ತಿಳಿಯುತ್ತದೆ, ನೀಲಿ ಗೆರೆಯ ಅಂಚಿನಲ್ಲಿ ಮಬ್ಬು ತಿಳಿಯುತ್ತದೆ. ನೋಡಿ, ಮೂಸಿ, ಒಂದು ಸಣ್ಣ ಗುಟುಕನ್ನು ಬಾಯಿತುಂಬ ಹರಡಿ, ಮೂಗಿನಿಂದ ಉಸಿರು ಬಿಡಬೇಕು. ವೃತ್ತಿಯವರು ಆಮೇಲೆ ಉಗುಳುತ್ತಾರೆ, ಅದು ಅವಮಾನವಲ್ಲ. ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂಬ ಶಾಲೆಯ ನಕ್ಷೆಯನ್ನು ಮರೆತುಬಿಡಿ, ನಾಲಿಗೆಯ ಎಲ್ಲ ಕಡೆಯೂ ಎಲ್ಲ ರುಚಿ ಗೊತ್ತಾಗುತ್ತದೆ.

ಜೊತೆಗೆ ಮಿರ್ಚಿ, ಕೆಂಪು ಚಟ್ನಿ ಇದ್ದರೆ ಜಾಗ್ರತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುವ ನರದ ಗ್ರಾಹಕವನ್ನೇ ಆಲ್ಕೋಹಾಲೂ ಕೆಣಕುತ್ತದೆ. ಖಾರ ಆರುವುದಿಲ್ಲ, ಏರುತ್ತದೆ. ಹಣ್ಣಿನ ಪರಿಮಳವಂತೂ ಸತ್ತೇ ಹೋಗುತ್ತದೆ.

ಕಳಪೆ ಸಾಕೆಯನ್ನು ಮಾತ್ರ ಬಿಸಿ ಮಾಡುತ್ತಾರೆ ಎಂಬುದು ಸುಳ್ಳು. ಗಿಂಜೊ 10 ಡಿಗ್ರಿ ಆಸುಪಾಸಿನಲ್ಲಿ ಚೆಂದ, ಬಿಸಿಗೆ ಅದರ ಘಮ ಹಾರುತ್ತದೆ. ಜುನ್‌ಮಾಯ್, ಕಿಮೊತೊ 40-45 ಡಿಗ್ರಿಗೆ ಅರಳುತ್ತವೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬಿಸಿ ಮಾಡುವುದು ಪದ್ಧತಿ. ಆಲ್ಕೋಹಾಲ್ ಮಾತ್ರ ಆ ಬಿಸಿಗೆ ಹೇಳಿಕೊಳ್ಳುವಷ್ಟು ಹಾರಿಹೋಗುವುದಿಲ್ಲ.

ಎಷ್ಟಾಯಿತು?

ಬಟ್ಟಲು ಚಿಕ್ಕದು, ಜಪಾನಿನಲ್ಲಿ ಪಕ್ಕದವರು ತುಂಬಿಸುತ್ತಲೇ ಇರುವುದು ಮರ್ಯಾದೆ. ಲೆಕ್ಕ ತಪ್ಪುವುದು ಇಲ್ಲೇ. ಅಲ್ಲಿನ ಅಳತೆ ಒಂದು ಗೋ, ಅಂದರೆ 180 ಮಿ.ಲೀ. ಶೇ. 15.5ರ ಸಾಕೆಯಾದರೆ ಅದರಲ್ಲಿ ಸುಮಾರು 22 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್‌ನಲ್ಲಿ ಸುಮಾರು 20 ಗ್ರಾಂ. ಒಂದು ಗೋ ಎಂದರೆ ಒಂದು ದೊಡ್ಡ ಪೆಗ್‌ಗಿಂತ ತುಸು ಹೆಚ್ಚೇ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಗಾಡಿ ಓಡಿಸುವವರಿಗೆ ಭಾರತದ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಇಷ್ಟಾದರೂ ಹಲವರಿಗೆ ಆ ಮಿತಿ ದಾಟಲು ಸಾಕು. ಬೇಡವೆಂದರೆ ಬಟ್ಟಲನ್ನು ತುಂಬಿದಂತೆಯೇ ಬಿಡಿ, ಖಾಲಿ ಬಟ್ಟಲಿಗೇ ಮತ್ತೆ ಸುರಿಯುವುದು. ಕುಡಿಯುವವರು ಸಾಕೆಯ ನಡುನಡುವೆ ನೀರು ಕುಡಿಯುವುದು ಜಪಾನಿನಲ್ಲೂ ರೂಢಿ, ಅದಕ್ಕೆ ಯವರಾಗಿ ಮಿಜು ಎಂಬ ಹೆಸರೇ ಇದೆ.

ಉಡುಗೊರೆಯಾಗಿ ಬಂದ ಬಾಟಲಿಯನ್ನು ವಿಸ್ಕಿಯಂತೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದು ವ್ಯರ್ಥ. ಕೋಶು ಬಿಟ್ಟರೆ ಹೆಚ್ಚಿನವು ಹಳತಾದಂತೆ ಕೆಡುತ್ತವೆ, ಬೆಳಕಿಗೆ ಬೇಗ ಹಳದಿಯಾಗುತ್ತವೆ. ಚೀಟಿಯಲ್ಲಿ ನಾಮಾ ಎಂದಿದ್ದರೆ ಅದು ಪಾಶ್ಚರೀಕರಿಸದ್ದು, ಫ್ರಿಜ್ಜಿನಲ್ಲೇ ಇರಬೇಕು. ಏಪ್ರಿಲ್‌ನ ಗದಗ ಜಿಲ್ಲೆಯ ಬಿಸಿಲಿನಲ್ಲಿ ಅದನ್ನು ಬಸ್ಸಿನಲ್ಲಿ ಊರಿಗೆ ಒಯ್ಯುವ ಯೋಚನೆ ಬೇಡ.